ಹಳೇ ಡೀಸೆಲ್ ಪಿಕಪ್ ಕೈಕೊಟ್ಟಾಗ ಎಲ್ಲಿಂದ ನೋಡಬೇಕು

ನಮ್ಮ ಪಿಕಪ್ ಹಿಂದಿನ ಜನ್ಮದಲ್ಲಿ ಉಪ್ಪು ಹೊರುತ್ತಿತ್ತು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಆಗರಗಳಿಂದ ಮೂಟೆ ತುಂಬಿಕೊಂಡು ಕುಮಟಾ, ಅಂಕೋಲಾ ಅಂತ ತಿರುಗಿದ ಗಾಡಿ. ಆಮೇಲೆ ನಾಲ್ಕು ಮಳೆಗಾಲ ಯಾರದೋ ತೆಂಗಿನ ತೋಟದ ಮೂಲೆಯಲ್ಲಿ ನಿಂತೇ ಇತ್ತು. ಅಪ್ಪಯ್ಯ ಅದನ್ನು ಗುಜರಿ ರೇಟಿಗೆ ಮಾತಾಡಿ, ಲಾರಿ ಮೇಲೆ ಹೇರಿಸಿ, ದೇವಿಮನೆ ಘಟ್ಟ ಹತ್ತಿಸಿ ಶಿರಸಿ ಹತ್ತಿರದ ನಮ್ಮ ಮನೆಯಂಗಳಕ್ಕೆ ತಂದಿಳಿಸಿದ. ಆಯಿ ಒಂದು ಸುತ್ತು ಹಾಕಿ ನೋಡಿದಳು. 'ಮಲ್ಲಿಗೆ ಬಳ್ಳಿ ಹಬ್ಸಲಕ್ಕು' (ಹಬ್ಬಿಸಬಹುದು) ಅಂದು ಒಳಗೆ ಹೋದಳು.

ಗಾಡಿ ರಿಪೇರಿ ನಮ್ಮಿಬ್ಬರಿಗೂ ಹೊಸದು. ಅಪ್ಪಯ್ಯನಿಗೆ ತೋಟದ ಪಂಪ್‌ಸೆಟ್ ಗೊತ್ತು, ನನಗೆ ನನ್ನ ಸ್ಕೂಟಿ ಗೊತ್ತು, ಅಷ್ಟೇ. ಮೊದಲ ಎರಡು ತಿಂಗಳು ಸುಮ್ನೆ ಹಾಳಾದವು. ಒಂದೇ ದಿನ ಮೂರು ಪಾರ್ಟು ಬದಲಿಸುವುದು, ಗಾಡಿ ಸ್ಟಾರ್ಟ್ ಆದರೆ ಕುಣಿಯುವುದು, ಮಾರನೇ ದಿನ ಮತ್ತೆ ಕೆಟ್ಟರೆ ಯಾವುದರಿಂದ ಸರಿಹೋಗಿತ್ತು ಅಂತ ಗೊತ್ತಾಗದೆ ಮುಖ ನೋಡಿಕೊಳ್ಳುವುದು. ಕೊನೆಗೆ ಅಪ್ಪಯ್ಯ ಅಡಿಕೆ ಲೆಕ್ಕದ ಪಟ್ಟಿಯ ಹಿಂದಿನ ಹಾಳೆಗಳಲ್ಲಿ ಮೂರು ಗೆರೆ ಎಳೆದ: ಏನು ಕಂಡಿತು, ಏನು ಮಾಡಿದೆವು, ಏನಾಯಿತು. ಒಂದು ಸಲಕ್ಕೆ ಒಂದೇ ಕೆಲಸ. ಕೆಳಗಿರುವುದು ಹೆಚ್ಚುಕಡಿಮೆ ಆ ಹಾಳೆಗಳೇ.

ಇದು ಮೆಕ್ಯಾನಿಕಲ್ ಪಂಪಿನ, 12 ವೋಲ್ಟಿನ ಹಳೇ ಡೀಸೆಲ್ ಪಿಕಪ್‌ಗೆ ಬರೆದದ್ದು. ಕಾಮನ್ ರೈಲ್ ಎಂಜಿನ್ನಿನ (ಕಂಪ್ಯೂಟರ್ ಹಿಡಿತದಲ್ಲಿ, ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ) ಗಾಡಿಯಾದರೆ ಡೀಸೆಲ್ ಪೈಪಿನ ಭಾಗ ನಿಮಗಲ್ಲ. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಪಾನಾ ಹಿಡಿಯುವ ಮೊದಲು

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಚಿರೆಕಲ್ಲು ಬಿದ್ದಿರುತ್ತದೆ, ಎರಡು ಕಲ್ಲು ಕೊಟ್ಟರೆ ಸಾಕು ಅನ್ನಿಸುತ್ತದೆ. ಸಾಕಾಗುವುದಿಲ್ಲ. ಚಿರೆಕಲ್ಲು ಗೋಡೆಯಲ್ಲಿ ಗಟ್ಟಿ, ಒಂದೇ ಜಾಗದಲ್ಲಿ ಭಾರ ಬಿದ್ದರೆ ಸೀಳುತ್ತದೆ. ನಾವು ಖಾಲಿ ಗಾಡಿಯನ್ನು ಒಮ್ಮೆ ಇಳಿಸಿ ನೋಡಿದೆವು. ಕೆಳಗೆ ಯಾರೂ ಇರಲಿಲ್ಲ, ಪುಣ್ಯ. ಕಲ್ಲು ಎರಡು ಹೋಳಾಯಿತು. ಆ ಸಂಜೆಯೇ ಅಪ್ಪಯ್ಯ ಪೇಟೆಗೆ ಹೋಗಿ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಂದ. ಗಟ್ಟಿ ನೆಲ, ಚಕ್ರಕ್ಕೆ ಮರದ ತುಂಡಿನ ತಡೆ, ಆಮೇಲೆ ಸ್ಟ್ಯಾಂಡು.

ಬ್ಯಾಟರಿ ಕೆಲಸಕ್ಕೆ ಮೊದಲು ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರ ಬೀಡಿ, ಲೈಟರ್ ಬೇಡ. ಬೀಡಿ ಸೇದುವವರು ಅಡಿಕೆ ಚಪ್ಪರದ ಆಚೆ ಹೋಗಲಿ.

ವರ್ಷಗಟ್ಟಲೆ ನಿಂತ ಗಾಡಿಗೆ ಸೀದಾ ಕೀ ಹಾಕಬೇಡಿ. ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದು, ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೆ ಸೋರಿದೆ ಅಂತ. ಆ ಆಯಿಲ್ ತೆಗೆದು, ಸೋರಿಕೆ ಎಲ್ಲಿಂದ ಅಂತ ಹುಡುಕದೆ ಸ್ಟಾರ್ಟ್ ಮಾಡುವಂತಿಲ್ಲ. ಆಮೇಲೆ ಗೇರು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಮುಂದಿನ ದೊಡ್ಡ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಬಿಗಿಯಾಗಿ, ಒಂದೇ ಸಮ ತಿರುಗಿದರೆ ಒಳ್ಳೆಯದು. ಅಲುಗಲೇ ಇಲ್ಲವೆಂದರೆ ಉದ್ದ ಪೈಪು ಹಾಕಿ ಜಗ್ಗಬೇಡಿ. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ.

ಕೀ ತಿರುಗಿಸಿದರೆ 'ಟಕ್' ಅನ್ನುತ್ತದೆ, ಅಷ್ಟೇ

ಸದ್ದು ಸರಿಯಾಗಿ ಕೇಳಿಸಿಕೊಳ್ಳಿ. 'ಟಕಟಕಟಕ' ಅಂತ ಸಾಲಾಗಿ ಬಂದರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ಒಂದೇ ಸಲ ದಪ್ಪಗೆ 'ಟಕ್' ಅಂದರೆ ಸೆಲ್ಫ್ ಮೋಟರಿನ (ಸ್ಟಾರ್ಟ್ ಮಾಡಲು ಎಂಜಿನ್ ತಿರುಗಿಸುವ ಮೋಟರು) ತನಕ ಕರೆಂಟ್ ಪೂರ್ತಿ ಹೋಗುತ್ತಿಲ್ಲ, ಇಲ್ಲವೇ ಸೆಲ್ಫೇ ಹೋಗಿದೆ. ಏನೂ ಸದ್ದಿಲ್ಲ ಅಂದರೆ ಕೀ ಸ್ವಿಚ್ಚು, ಫ್ಯೂಸು, ಅಥವಾ ಇಲಿ ಕಡಿದ ತೆಳು ವೈರು.

ಮೀಟರ್ ಇಟ್ಟು ಬ್ಯಾಟರಿ ಅಳೆಯಿರಿ. ಗಾಡಿ ಸುಮ್ಮನಿದ್ದಾಗ 12.6 ವೋಲ್ಟ್ ಇದ್ದರೆ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಇನ್ನೊಬ್ಬರು ಕೀ ತಿರುಗಿಸುವಾಗ ಮುಳ್ಳು ನೋಡಿ: ಚಾರ್ಜ್ ಇರುವ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿದಿದೆ. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4ರ ಒಳಗೆ ಬರಬೇಕು. ಬರದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿ.

ನಮ್ಮದು ಬ್ಯಾಟರಿ ಹೊಸದು, 12.6 ಇತ್ತು. ಆದ್ರೂ ಒಂದೇ 'ಟಕ್'. ಸೆಲ್ಫ್ ಬಿಚ್ಚಿಸಿ ಶಿರಸಿಗೆ ಒಯ್ದು ರಿಪೇರಿ ಮಾಡಿಸಿದೆವು, ಹಾಕಿದೆವು, ಮತ್ತೆ 'ಟಕ್'. ಅಸಲು ತೊಂದರೆ ಇದ್ದದ್ದು ಎಂಜಿನ್ನಿನಿಂದ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಹೋಗುವ ಹೆಣೆದ ತಾಮ್ರದ ಪಟ್ಟಿಯಲ್ಲಿ. ನೋಡಲು ಸರಿಯಾಗೇ ಇತ್ತು. ಹಿಡಿದು ಬಗ್ಗಿಸಿದರೆ ಒಳಗಿಂದ ಹಸಿರು ಪುಡಿ ಉದುರಿತು. ಉಪ್ಪು ಅದನ್ನು ತಿಂದು ಹಾಕಿತ್ತು.

ಇದನ್ನು ಪತ್ತೆ ಮಾಡಲು ಬಿಚ್ಚುವುದೇ ಬೇಡವಾಗಿತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಬರಿ ಕಬ್ಬಿಣಕ್ಕೆ ಹಿಡಿದು ಕೀ ತಿರುಗಿಸಬೇಕು. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್, ಅಂದರೆ ಕರೆಂಟ್ ಮೈನಸ್‌ಗೆ ವಾಪಸ್ ಬರುವ ದಾರಿ, ಸರಿಯಿಲ್ಲ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ಲನ್ನು ಮೈನಸ್‌ನಿಂದ ಸೀದಾ ಎಂಜಿನ್ ಕಬ್ಬಿಣಕ್ಕೆ ಕಚ್ಚಿಸಿ ನೋಡಿ. ಸೆಲ್ಫ್ ಹೊಡೆದರೆ ಉತ್ತರ ಸಿಕ್ಕಿತು. ಬ್ಯಾಟರಿ ಕಂಬದ ಮೇಲಿನ ಬಿಳಿ, ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡ ಹಾಕಿ ತೊಳೆದು, ಉಜ್ಜಿ, ಬಿಗಿ ಮಾಡಿ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಕರಾವಳಿಯ ಗಾಡಿಗೆ ನಾನು ಈಗ ಮೊದಲು ಮಾಡುವ ಕೆಲಸವೇ ಇದು. ಸೆಲ್ಫ್ ಬಿಚ್ಚುವುದು ಕೊನೆಗೆ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಆಮೇಲೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಸುಡುತ್ತದೆ.

ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದು ಕಣ್ಣು ಉರಿದರೆ ಡೀಸೆಲ್ ಹೋಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ನಿನ ಒಳಗೆ ಬಿಸಿ ಮಾಡುವ ಪ್ಲಗ್) ಇರುವ ಗಾಡಿಯಾದರೆ ಅದನ್ನು ನೋಡಿ. ಅದೂ ಸರಿಯಿದ್ದರೆ ಕಂಪ್ರೆಷನ್ನೋ (ಎಂಜಿನ್ ಒಳಗೆ ಗಾಳಿ ಒತ್ತುವ ಬಲ), ಪಂಪಿನ ಟೈಮಿಂಗೋ (ಡೀಸೆಲ್ ಚಿಮ್ಮುವ ಹೊತ್ತು) ಆಗಿರುತ್ತದೆ. ಎರಡೂ ನಮ್ಮಂಥವರ ಕೆಲಸವಲ್ಲ.

ಹೊಗೆ ಇಲ್ಲದಿದ್ದರೆ ಖರ್ಚಿಲ್ಲದ್ದು ಮೊದಲು. ಟ್ಯಾಂಕಿನಲ್ಲಿ ಡೀಸೆಲ್ ಇದೆಯಾ? ನಗಬೇಡಿ, ನಮ್ಮ ಗೇಜು ಖಾಲಿ ಟ್ಯಾಂಕಿಗೂ ಅರ್ಧ ತೋರಿಸುತ್ತಿತ್ತು. ಎಂಜಿನ್ ಬಂದ್ ಮಾಡುವ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ? ತುಕ್ಕು ಹಿಡಿದು ಅರ್ಧದಲ್ಲಿ ಸಿಕ್ಕಿಕೊಂಡರೆ ಪಂಪು ಬಂದ್ ಆಗಿಯೇ ಇರುತ್ತದೆ. ಕೇಬಲ್ ಬದಲು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಕವಾಟ) ಇದ್ದರೆ ಕೀ ಆನ್ ಮಾಡಿದಾಗ ಪಂಪಿನ ಹತ್ತಿರ ಸಣ್ಣಗೆ 'ಚಿಟ್' ಅನ್ನಬೇಕು. ಆಮೇಲೆ ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಾಲ್ಕು ಮಳೆಗಾಲ ನಿಂತ ಟ್ಯಾಂಕಿನಿಂದ ನಮಗೆ ಅರ್ಧ ಲೋಟ ನೀರು, ಚಹಾಪುಡಿಯಂಥ ತುಕ್ಕು ಸಿಕ್ಕಿತು. ಹಳೇ ಡೀಸೆಲ್ ಪೂರ್ತಿ ತೆಗೆದು ಫಿಲ್ಟರ್ ಬದಲಿಸಿದೆವು.

ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಗಾಳಿ ಇರುತ್ತದೆ, ತೆಗೆಯಲೇಬೇಕು. ಫಿಲ್ಟರ್ ತಲೆಯ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಪೂರ್ತಿ ನಿಂತ ಮೇಲೆ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಅವಸರ ಮಾಡಿ ನಾಲ್ಕು ಸಲ ತಪ್ಪಿಸಿದ್ದೇನೆ. 'ಕೂಸೇ, ಗಡಿಬಿಡಿ ಮಾಡಡ' ಅಂತ ಅಪ್ಪಯ್ಯ ಐದನೇ ಸಲ ತಾನೇ ಬಂದು ಒತ್ತಿದ.

ಪಂಪಿನಿಂದ ಇಂಜೆಕ್ಟರಿಗೆ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಹೋಗುವ ಸಣ್ಣ ಕಬ್ಬಿಣದ ಪೈಪುಗಳ ಹತ್ತಿರ ಕೈ ಇಡಬೇಡಿ. ಅಲ್ಲಿ ಸೋರುವ ಡೀಸೆಲ್ ಕಣ್ಣಿಗೆ ಕಾಣದಷ್ಟು ಸಣ್ಣಗೆ ಚಿಮ್ಮಿ ಚರ್ಮದ ಒಳಗೇ ಹೋಗಬಲ್ಲದು. ಹಾಗಾದರೆ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ, ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, ಏನಾಯಿತು ಅಂತ ಸರಿಯಾಗಿ ಹೇಳಿ. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಿರಿ. ಇನ್ನೊಂದು: ಗಾಳಿ ಎಳೆಯುವ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿದರೆ ಹತ್ತುತ್ತದೆ ಅಂತ ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಬೇಡವೇ ಬೇಡ. ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಂತೂ ಸ್ಫೋಟವೇ ಆಗಬಹುದು.

ಹಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಸಾಯುತ್ತದೆ

ಇದು ನಮ್ಮನ್ನು ಒಂದೂವರೆ ತಿಂಗಳು ಆಡಿಸಿತು. ಸ್ಟಾರ್ಟ್ ಆಗುತ್ತಿತ್ತು, ಎರಡು ನಿಮಿಷ ಚಂದ ಓಡುತ್ತಿತ್ತು, ಆಮೇಲೆ ಉಸಿರು ಕಟ್ಟಿದ ಹಾಗೆ ಏರಿಳಿದು ನಿಂತುಬಿಡುತ್ತಿತ್ತು. ಗಾಳಿ ತೆಗೆದರೆ ಮತ್ತೆ ಎರಡು ನಿಮಿಷ.

ಏರಿಳಿದು ನಿಲ್ಲುವುದು ಅಂದರೆ ಸಾಮಾನ್ಯವಾಗಿ ಡೀಸೆಲ್ ಬದಲು ಗಾಳಿ ಎಳೆಯುತ್ತಿದೆ. ಇಲ್ಲಿ ಹೊಸಬರು ಮೋಸ ಹೋಗುವ ಜಾಗ ಒಂದಿದೆ. ಟ್ಯಾಂಕಿನಿಂದ ಪಂಪಿನ ತನಕ ಇರುವ ಪೈಪು ಎಳೆಯುವ ಪೈಪು. ಅದರಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರದೇ ಇರಬಹುದು, ಗಾಳಿ ಮಾತ್ರ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಹುಡುಕಿ ಪ್ರಯೋಜನವಿಲ್ಲ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಸುಯ್' ಅಂತ ಗಾಳಿ ಒಳಗೆ ಹೋದರೆ ಟ್ಯಾಂಕಿನ ಉಸಿರುತೂತು ಮುಚ್ಚಿದೆ, ಅದನ್ನು ಬಿಡಿಸಿದರೆ ಕೆಲಸ ಮುಗಿಯಿತು. ಆಮೇಲೆ ರಬ್ಬರ್ ಪೈಪುಗಳ ಕ್ಲಾಂಪು ಬಿಗಿ ಮಾಡಿ. ಒಣಗಿ ಬಿರುಕು ಬಿಟ್ಟ ಪೈಪು ಬದಲಿಸಿ. ಪೈಪು ಸೇರುವ ಬೋಲ್ಟಿನ ಎರಡೂ ಬದಿ ಇರುವ ತಾಮ್ರದ ವಾಷರ್ ಹೊಸದು ಹಾಕಿ. ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಪಂಪಿಗೆ ಸೇರುವ ಕಡೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪು ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಹೋಗುವುದು ಕಣ್ಣಿಗೇ ಕಾಣುತ್ತದೆ. ನಮಗೂ ಕಂಡಿತು. ಸಾಬೂನು ನೊರೆಯ ಹಾಗೆ ಸಾಲುಸಾಲು.

ಎಲ್ಲ ಕ್ಲಾಂಪು ಬದಲಿಸಿದ ಮೇಲೂ ಗುಳ್ಳೆ ನಿಲ್ಲಲಿಲ್ಲ. ಪಂಪು ಹೋಗಿದೆ ಅಂತ ಒಬ್ಬರು, ಪಂಪಿನ ಕಿಟ್ ಬದಲಿಸಿ ಅಂತ ಇನ್ನೊಬ್ಬರು. ಹೇಳಿದ ಖರ್ಚು ಗಾಡಿ ಕೊಂಡ ರೇಟಿನ ಮೂರರಲ್ಲಿ ಒಂದು ಭಾಗ. ಆ ರಾತ್ರಿ ಅಪ್ಪಯ್ಯ ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಹಿಂದಿನಿಂದ ಓದುತ್ತಾ ಕೂತಿದ್ದ. 'ನೋಡು, ಡೀಸೆಲ್ ತುಂಬ್ಸಿದ ದಿನ ಒಂದೂ ಬಂದ್ ಆಗಿದ್ದಿಲ್ಲೆ' ಅಂದ. ಹೌದು. ಐದು ಸಲ ಬರೆದಿದ್ದೆವು. ತುಂಬಿಸಿದ ದಿನ ಅರ್ಧ ಗಂಟೆ ಓಡಿದೆ, ಕಡಿಮೆ ಇದ್ದ ದಿನ ನಿಂತಿದೆ.

ಮಾರನೇ ದಿನ ಕ್ಯಾನ್ ಪರೀಕ್ಷೆ ಮಾಡಿದೆವು. ಟ್ಯಾಂಕಿನಿಂದ ಬರುವ ಪೈಪು ಬಿಡಿಸಿ, ಹೊಸ ಪೈಪನ್ನು 5 ಲೀಟರ್ ಡೀಸೆಲ್ ಕ್ಯಾನಿಗೆ ಇಳಿಸಿ, ಕ್ಯಾನನ್ನು ಬಿಸಿ ತಾಗದ ಕಡೆ ಗಟ್ಟಿಯಾಗಿ ಇಟ್ಟು ಸ್ಟಾರ್ಟ್ ಮಾಡುವುದು. ಎಂಜಿನ್ ಸರಿಯಾಗಿ ಓಡಿದರೆ ಪಂಪು, ಫಿಲ್ಟರು ಎಲ್ಲ ನಿರಪರಾಧಿ, ತಪ್ಪು ಟ್ಯಾಂಕಿನ ಕಡೆ. ಇದನ್ನು ಮಾಡುವಾಗ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪನ್ನೂ ಕ್ಯಾನಿಗೇ ಇಳಿಸಬೇಕು. ನಾವು ಮರೆತೆವು. ಡೀಸೆಲ್ ಎಲ್ಲ ಟ್ಯಾಂಕಿಗೆ ಹೋಗಿ ಕ್ಯಾನ್ ನೋಡನೋಡುತ್ತಲೇ ಖಾಲಿಯಾಯಿತು. ಎರಡನೇ ಸಲ ಸರಿಯಾಗಿ ಮಾಡಿದಾಗ ಗಾಡಿ ಮುಕ್ಕಾಲು ಗಂಟೆ ಓಡಿತು. ನಾವೇ ಬೇಜಾರಾಗಿ ಬಂದ್ ಮಾಡಿದೆವು.

ಟ್ಯಾಂಕಿನ ಒಳಗೆ ಇಳಿಯುವ ಎಳೆಪೈಪನ್ನು ಹೊರಗೆ ತೆಗೆದರೆ, ಸರಿಯಾಗಿ ನಡುವಿನಲ್ಲಿ, ಸಾಸಿವೆ ಕಾಳಿನಷ್ಟು ತುಕ್ಕಿನ ತೂತು. ಡೀಸೆಲ್ ತೂತಿಗಿಂತ ಮೇಲಿದ್ದರೆ ತೊಂದರೆಯಿಲ್ಲ. ಕೆಳಗಿಳಿದರೆ ಪಂಪು ಗಾಳಿ ಕುಡಿಯುತ್ತದೆ. ಬೆಸುಗೆ ಹಾಕುವುದು ಬೇಡ ಅಂತ ಹೊಸ ಪೈಪೇ ಹಾಕಿಸಿದೆವು. ಟ್ಯಾಂಕಿಗೇ ತೂತಿದ್ದರೆ ಯಾವ ಕಾರಣಕ್ಕೂ ಮನೆಯಲ್ಲಿ ವೆಲ್ಡಿಂಗ್ ಮಾಡಬೇಡಿ. ಖಾಲಿ ಟ್ಯಾಂಕಿನ ಒಳಗಿನ ಆವಿಯೇ ಸಿಡಿಯುತ್ತದೆ.

ಹೊಗೆಯ ಬಣ್ಣ

ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಏರ್ ಫಿಲ್ಟರ್ ಬಿಚ್ಚಿ ನೋಡಿ, ನಮ್ಮದರಲ್ಲಿ ಇಲಿ ದರಕು (ಒಣ ಎಲೆ) ತುಂಬಿ ಗೂಡು ಮಾಡಿತ್ತು. ಫಿಲ್ಟರ್ ಸರಿಯಿದ್ದರೆ ಇಂಜೆಕ್ಟರ್ ಟೆಸ್ಟಿಗೆ ಕೊಡಿ.

ಬೆಳಗ್ಗೆ ಸ್ವಲ್ಪ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಚಿಂತೆಯಿಲ್ಲ. ನಿಲ್ಲದೆ, ಸಿಹಿ ವಾಸನೆಯೂ ಬಂದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲು) ಮೇಲೆ ಅನುಮಾನ ಬರಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತು. ಸ್ವಲ್ಪ ಇದ್ದರೆ ಆಯಿಲ್ ನೋಡಿಕೊಳ್ಳುತ್ತಾ ಓಡಿಸಬಹುದು.

ಆದರೆ ಕಾಲು ತೆಗೆದರೂ ಎಂಜಿನ್ ತಾನಾಗಿಯೇ ರೇಸ್ ಆಗುತ್ತಾ ಹೋದರೆ, ಕೀ ತೆಗೆದರೂ ನಿಲ್ಲದಿದ್ದರೆ, ಅದು ತನ್ನ ಆಯಿಲ್ಲನ್ನೇ ಕುಡಿದು ಓಡುತ್ತಿದೆ. ಗಾಡಿಯಲ್ಲಿ ಕೂತಿದ್ದರೆ ಬ್ರೇಕ್ ಪೂರ್ತಿ ಒತ್ತಿ, ಮೇಲಿನ ಗೇರು ಹಾಕಿ ಕ್ಲಚ್ ಬಿಡಿ. ಹೊರಗಿದ್ದರೆ ಗಾಳಿ ಬಾಯಿಗೆ ದಪ್ಪ ಹಲಗೆ ಒತ್ತಿ ಹಿಡಿಯಬಹುದು, ಕೈ, ಬಟ್ಟೆ ಅಲ್ಲ. ಆಗದಿದ್ದರೆ ದೂರ ಓಡಿ, ಎಂಜಿನ್ ಹೋದರೆ ಹೋಗಲಿ.

ಘಟ್ಟ ಹತ್ತುವಾಗ ಬಿಸಿ ಏರುತ್ತದೆ

ಊರಿನೊಳಗೆ ಏನೂ ಆಗುವುದಿಲ್ಲ. ಕುಮಟಾದಿಂದ ಬರುವಾಗ ಕತಗಾಲ ದಾಟಿ ದೇವಿಮನೆ ತಿರುವು ಶುರುವಾದ ಮೇಲೆ ಬಿಸಿಯ ಮುಳ್ಳು ಮೇಲೆ ಹೋಗುತ್ತದೆ. ಆಗ ಮಾಡಬೇಕಾದ್ದು ಬದಿಗೆ ಹಾಕುವುದು, ಬಂದ್ ಮಾಡುವುದು, ಚಕ್ರಕ್ಕೆ ಕಲ್ಲು ಕೊಡುವುದು, ಕಾಯುವುದು. ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಬರಿಗೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ. ಬಿಸಿಯಲ್ಲಿ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಬಿಸಿ ಎಂಜಿನ್ನಿಗೆ ಝರಿಯ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು.

ಮನೆಯಲ್ಲಿ, ತಣ್ಣಗಿದ್ದಾಗ ಮೊದಲು ನೀರಿನ ಮಟ್ಟ ನೋಡಿ. ಆಮೇಲೆ ಫ್ಯಾನ್ ಬೆಲ್ಟನ್ನು ನಡುವೆ ಬೆರಳಲ್ಲಿ ಒತ್ತಿ, ಸುಮಾರು 10ರಿಂದ 12 ಮಿ.ಮೀ. ತಗ್ಗಬೇಕು. ಜಾಸ್ತಿ ತಗ್ಗಿದರೆ ಸಡಿಲ. ಮುಚ್ಚಳದ ರಬ್ಬರ್ ಒಣಗಿದ್ದರೆ ಹೊಸ ಮುಚ್ಚಳ ಹಾಕಿ, ಇಡೀ ಪಟ್ಟಿಯಲ್ಲಿ ಅತಿ ಅಗ್ಗದ ಪಾರ್ಟು ಇದು. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ಜಿನುಗಿದ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ. 'ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಬಿಸಿಯೇ ಆಗೂದಿಲ್ಲ' ಅಂತ ನಮಗೆ ಎರಡು ಗ್ಯಾರೇಜಿನಲ್ಲಿ ಹೇಳಿದರು. ಕೀಳಬೇಡಿ, ಅದು ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ. ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿ ನೋಡಿ. ನೀರು ಕುದಿಯುವ ಮೊದಲೇ ಬಾಯಿ ತೆರೆದರೆ ಸರಿಯಿದೆ. ತೆರೆಯದಿದ್ದರೆ ಹೊಸದು.

ನಮ್ಮದರಲ್ಲಿ ಇದೆಲ್ಲ ಸರಿಯಿತ್ತು. ನೀರೂ ಸೋರುತ್ತಿರಲಿಲ್ಲ. ರೇಡಿಯೇಟರಿನ ಮುಂಭಾಗದಿಂದ ನೋಡಿದರೂ ಚಂದವಿತ್ತು. ಬಿಚ್ಚಿ ಹಿಂದಿನಿಂದ ನೋಡಿದಾಗ ಕೊಳವೆಗಳ ನಡುವಿನ ತೆಳು ರೆಕ್ಕೆಗಳು ಬೆರಳು ತಾಗಿದರೆ ಹಪ್ಪಳದ ಹಾಗೆ ಪುಡಿಯಾದವು. ಮತ್ತೆ ಉಪ್ಪು. ಕೊಳವೆಯಲ್ಲಿ ನೀರು ನಿಲ್ಲುತ್ತದೆ, ಆದರೆ ಬಿಸಿ ಗಾಳಿಗೆ ಬಿಡುವ ರೆಕ್ಕೆಯೇ ಇಲ್ಲ. ಸಪಾಟು ರಸ್ತೆಗೆ ಸಾಕಾಗುತ್ತದೆ, ಘಟ್ಟಕ್ಕೆ ಸಾಲುವುದಿಲ್ಲ. ಹೊಸ ಕೋರ್ ಹಾಕಿಸಿ, ಬಾವಿ ನೀರಿನ ಬದಲು ಕೂಲೆಂಟ್ ತುಂಬಿದೆವು.

ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ (ಮುಚ್ಚಳ ತಣ್ಣಗಿದ್ದಾಗಲೇ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೋಡಬೇಕು), ಅಥವಾ ಆಯಿಲ್ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಓಡಿಸುವುದು ನಿಲ್ಲಿಸಿ. ಹೆಡ್ ಬಿಚ್ಚುವ ಕೆಲಸ ಅದು. ಮಳೆಗಾಲದಲ್ಲಿ ಬರೀ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ಲೋಳೆ ಇದ್ದು ಕಡ್ಡಿ ಸ್ವಚ್ಛವಿದ್ದರೆ ಹೆದರಬೇಡಿ, ಶಿರಸಿಯ ತೇವಕ್ಕೆ ಅಷ್ಟು ಆಗುತ್ತದೆ.

ಬ್ರೇಕ್ ಪೆಡಲ್ ಏನು ಹೇಳುತ್ತದೆ

ಸ್ಪಂಜಿನ ಹಾಗೆ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದರೆ ಗಟ್ಟಿಯಾಗುವುದು ಗಾಳಿ. ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುತ್ತಾ ಹೋಗುವುದು ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಒಳಗಿನ ರಬ್ಬರ್ ಹೋಗಿದೆ. ಕಲ್ಲಿನಂತೆ ಗಟ್ಟಿಯಿದ್ದು ಗಾಡಿ ನಿಲ್ಲದಿದ್ದರೆ ಬೂಸ್ಟರಿಗೆ (ಕಾಲಿನ ಬಲ ಹೆಚ್ಚಿಸುವ ಡಬ್ಬಿ) ವ್ಯಾಕ್ಯೂಮ್, ಅಂದರೆ ಗಾಳಿಯ ಎಳೆತ, ಬರುತ್ತಿಲ್ಲ. ಒಂದು ಬದಿಗೆ ಎಳೆದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಚಕ್ರದ ಒಳಬದಿ ಒದ್ದೆಯಿದೆಯಾ ನೋಡಿ.

ಬೂಸ್ಟರ್ ನೋಡುವುದು ಸುಲಭ. ಎಂಜಿನ್ ಬಂದ್ ಇರುವಾಗ ಐದಾರು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಸರಿಯಿದೆ. ಹಳೇ ಡೀಸೆಲ್ ಗಾಡಿಗಳಲ್ಲಿ ವ್ಯಾಕ್ಯೂಮ್ ಪಂಪ್ ಹೆಚ್ಚಾಗಿ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅಂದರೆ ಬೆಲ್ಟು ತುಂಡಾದರೆ ಚಾರ್ಜಿಂಗ್ ಜೊತೆ ಬ್ರೇಕಿನ ಬಲವೂ ಹೋಗುತ್ತದೆ. ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡಿ ಘಟ್ಟ ಇಳಿಯುವ ಅಭ್ಯಾಸ ಇರುವವರು ಇದನ್ನು ಇನ್ನೊಮ್ಮೆ ಓದಿ.

ಬ್ರೇಕಿನಲ್ಲಿ ನಾವು ಕೈ ಹಾಕಿದ್ದು ನೋಡುವುದಕ್ಕೆ, ಗಾಳಿ ತೆಗೆಯುವುದಕ್ಕೆ ಮಾತ್ರ. ಹಿಂದಿನ ಆಕ್ಸಲ್ ಮೇಲಿನ ಕಬ್ಬಿಣದ ಪೈಪಿನ ತುಕ್ಕನ್ನು ಬ್ರಷ್‌ನಿಂದ ಉಜ್ಜಿದಾಗ ಒಂದು ಕಡೆ ಒದ್ದೆಯಾಯಿತು. ಬ್ರಷ್ ಕೆಳಗಿಟ್ಟು ಫೋನ್ ತೆಗೆದೆ. ಪೈಪು, ಮಾಸ್ಟರ್ ಸಿಲಿಂಡರ್ ಎರಡನ್ನೂ ಮೆಕ್ಯಾನಿಕ್ಕೇ ಹಾಕಿದರು. ಗಾಳಿ ತೆಗೆಯುವಾಗ ಅಪ್ಪಯ್ಯ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. 'ಒತ್ತು' ಅಂದಾಗ ಒತ್ತಿ ಹಿಡಿಯಬೇಕು, ನಾನು ಚಕ್ರದ ಹತ್ತಿರದ ಗಾಳಿ ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿ ಮಾಡಿ 'ಬಿಡು' ಅನ್ನುವ ತನಕ ಕಾಲು ತೆಗೆಯುವಂತಿಲ್ಲ. ಅಪ್ಪಯ್ಯ ನಡುವೆ ಬಿಟ್ಟುಬಿಡುತ್ತಿದ್ದ, ಗಾಳಿ ವಾಪಸ್ ಒಳಗೆ. 'ತಂಗಿ, ನೀನು ಪೆಡಲ್ ಮೇಲೆ ಕೂರು, ಅವ್ರನ್ನ ಇಲ್ಲಿ ಕಳಿಸು' ಅಂತ ಮೆಕ್ಯಾನಿಕ್ ನಗುತ್ತಾ ಅದಲುಬದಲು ಮಾಡಿಸಿದರು, ಹತ್ತು ನಿಮಿಷದಲ್ಲಿ ಮುಗಿಯಿತು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಖಾಲಿಯಾಗಲು ಬಿಡಬೇಡಿ. ಡಬ್ಬಿಯ ಮೇಲೆ ಬರೆದ ದರ್ಜೆಯದ್ದೇ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ

ಭೂತಚೇಷ್ಟೆ ಅಲ್ಲ, ಮತ್ತೆ ಅರ್ತಿಂಗ್. ಹಿಂದಿನ ದೀಪದ ಡಬ್ಬಿಯ ಅರ್ತಿಂಗ್ ವೈರಿನ ತುದಿ ಉಜ್ಜಿ, ಬಣ್ಣ ಕೆರೆದ ಕಬ್ಬಿಣಕ್ಕೆ ಬಿಗಿ ಮಾಡಿ. ಫ್ಯೂಸ್ ಪದೇ ಪದೇ ಸುಟ್ಟರೆ ದೊಡ್ಡ ಫ್ಯೂಸ್, ತಂತಿ, ಸಿಗರೇಟಿನ ಬೆಳ್ಳಿ ಕಾಗದ ಹಾಕುವುದು ಬೆಂಕಿಗೆ ದಾರಿ. ಎಲ್ಲಿ ಇಲಿ ಕಡಿದಿದೆ ಹುಡುಕಿ.

ಗೇರು ಬೀಳುವುದಿಲ್ಲ

ಎಂಜಿನ್ ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಓಡುವಾಗ 'ಕರ್ರ್' ಅಂದರೆ ಕ್ಲಚ್ ಬಿಡುತ್ತಿಲ್ಲ. ಮೊದಲು ಕ್ಲಚ್ಚಿನ ಆಯಿಲ್, ಇಲ್ಲವೇ ಕೇಬಲ್ ನೋಡಿ. ಬಹಳ ದಿನ ನಿಂತ ಗಾಡಿಯಲ್ಲಿ ಪ್ಲೇಟು ತುಕ್ಕಿಗೆ ಅಂಟಿಕೊಂಡೂ ಇರುತ್ತದೆ. ನಮ್ಮದು ಕ್ಲಚ್ ಪೆಡಲನ್ನು ಕೋಲು ಕೊಟ್ಟು ಎರಡು ದಿನ ಒತ್ತಿಟ್ಟ ಮೇಲೆ ಬಿಟ್ಟುಕೊಂಡಿತು.

ತುಕ್ಕು: ಎಲ್ಲಿ ಬಣ್ಣ, ಎಲ್ಲಿ ವೆಲ್ಡಿಂಗ್

ಉಪ್ಪು ಹೊತ್ತ ಗಾಡಿಯಲ್ಲಿ ನಿಜವಾದ ಪ್ರಶ್ನೆ ಎಂಜಿನ್ ಅಲ್ಲ, ಚಾಸಿ. ನಾವು ಇದನ್ನು ಕೊನೆಗೆ ನೋಡಿದೆವು. ಮೊದಲು ನೋಡಬೇಕಿತ್ತು, ಕೊಳ್ಳುವ ಮೊದಲೇ.

ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಹಗುರಾಗಿ ಬಡಿಯುತ್ತಾ ಹೋಗಿ. 'ಟಣ್' ಅಂದರೆ ಕಬ್ಬಿಣ ಇದೆ. ಹಲಸಿನ ಹಣ್ಣು ತಟ್ಟಿದ ಹಾಗೆ 'ದಬ್' ಅಂದರೆ ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೇಲೆ ಕೆಂಪು ಪುಡಿ ಅಷ್ಟೇ ಇದ್ದರೆ ಉಜ್ಜಿ, ತೊಳೆದು, ಒಣಗಿಸಿ ಪ್ರೈಮರ್, ಬಣ್ಣ. ಪದರಪದರವಾಗಿ ಎದ್ದರೆ ಪೂರ್ತಿ ಕಿತ್ತು ಎಷ್ಟು ದಪ್ಪ ಉಳಿದಿದೆ ನೋಡಬೇಕು. ಚುಚ್ಚಿದ್ದು ಒಳಗೆ ಹೋದರೆ ಬಣ್ಣ ಹಚ್ಚಿ ಮುಚ್ಚುವುದು ಮೋಸ. ಹಿಂದಿನ ಸ್ಪ್ರಿಂಗ್ ಪ್ಲೇಟಿನ ಬುಡ, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಕ್ಯಾಬಿನ್ ಕೂರುವ ಜಾಗ: ಈ ಮೂರರಲ್ಲಿ ಎಲ್ಲಿ ತೂತಿದ್ದರೂ ಗಾಡಿ ರಸ್ತೆಗೆ ಹೋಗಬಾರದು. ಚಾಸಿ ಕೆಲಸ ಗೊತ್ತಿರುವ ವೆಲ್ಡರ್ ಬೇಕು. ಗೇಟು, ಗ್ರಿಲ್ ಮಾಡುವವರು ಬೇಡ, ಎಷ್ಟೇ ಒಳ್ಳೆಯವರಿರಲಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಬಿಡಿಸಿ, ಡೀಸೆಲ್ ಟ್ಯಾಂಕ್ ಇಳಿಸಿ.

ನಮಗೆ ಎಡಗಡೆ ಹಿಂದಿನ ಸ್ಪ್ರಿಂಗ್ ಬುಡದಲ್ಲಿ ಅಂಗೈಯಗಲ ಕೊಳೆತಿತ್ತು. ಕ್ಯಾಬಿನ್ನಿನ ರಬ್ಬರ್ ಮ್ಯಾಟ್ ಎತ್ತಿದರೆ ನೆಲದ ಬದಲು ಅಂಗಳ ಕಂಡಿತು. ಒಳ್ಳೆ ಗಾಳಿ ಬರ್ತದೆ ಬಿಡು ಅಂತ ಅಪ್ಪಯ್ಯ. ನೆಲದ ತಗಡು ನಾವೇ ಕತ್ತರಿಸಿ ಕೂರಿಸಿದೆವು, ಚಾಸಿ ಮಾತ್ರ ವೆಲ್ಡರ್‌ಗೆ ಬಿಟ್ಟೆವು.

ಟೈರ್ ಬಗ್ಗೆ ಒಂದು ಸಾಲು: ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2314 ಅಂದರೆ 2014ರ 23ನೇ ವಾರ. ಹಲ್ಲು ಎಷ್ಟೇ ಇರಲಿ, ನಮ್ಮವು ಅಷ್ಟು ಹಳೆಯವು, ನಾಲ್ಕನ್ನೂ ಬದಲಿಸಿದೆವು.

ಇನ್ನೂ ಸಿಗದ ಸದ್ದು

ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟು) ಆಯಿತು, ಅಡಿಕೆ ಮೂಟೆ ಹೊತ್ತು ಸೊಸೈಟಿಗೂ ಹೋಗಿ ಬಂತು. ಈಗ ಒಂದು ಸಣ್ಣ 'ಕಿಂಯ್' ಸದ್ದು ಉಳಿದಿದೆ. ಬೆಲ್ಟ್ ಅಲ್ಲ, ನೀರು ಹಾಕಿ ನೋಡಿದೆವು. ಸ್ಪ್ರಿಂಗ್ ಪ್ಲೇಟು ಅಂತ ನಾನು, ಬಾಗಿಲ ರಬ್ಬರ್ ಅಂತ ಅಪ್ಪಯ್ಯ. ನಿನ್ನೆ ಪಟ್ಟಿ ತೆರೆದರೆ ಅವನ ಅಕ್ಷರದಲ್ಲಿ ಹೊಸ ಸಾಲು ಇತ್ತು (ನಮ್ಮ ಮನೆಮಾತಿನಲ್ಲಿ 'ಇಲ್ಲೆ' ಅಂದರೆ ಇಲ್ಲ): 'ಕಿಂಯ್. ಎಡಬದಿ. ಮಳೆ ಬಂದ ದಿನ ಇಲ್ಲೆ. ಆಯಿ ಕೂತ್ರೆ ಇಲ್ಲೆ.' ನಾಳೆ ಆಯಿಯನ್ನು ಒಂದು ಸಲ ಇಳಿಸಿ, ಒಂದು ಸಲ ಹತ್ತಿಸಿ ಓಡಿಸಿ ನೋಡಬೇಕು.